ಹದಿನಾಲ್ಕು ಗಿಡ, ಎರಡು ಬೇಸಿಗೆ: ದುರ್ಗದ ಒಂದು ನರ್ಸರಿಯ ಬಗ್ಗೆ

ಗಿಡ ತಂದ ವಾರದಲ್ಲೇ ನರ್ಸರಿಯನ್ನು ಹೊಗಳಿ ಬರೆಯುವುದು ಮದುವೆಯ ಮಂಟಪದಲ್ಲೇ ಕುಳಿತು ಸಂಸಾರದ ಬಗ್ಗೆ ಅಭಿಪ್ರಾಯ ಹೇಳಿದ ಹಾಗೆ. ಆದ್ದರಿಂದ ಎರಡು ಬೇಸಿಗೆ ಕಳೆಯಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ. ಚಿತ್ರದುರ್ಗದಿಂದ ಹೊರಬೀಳುವ ರಸ್ತೆಯೊಂದರ ಪಕ್ಕದಲ್ಲಿರುವ, ಒಂದೂವರೆ ಎಕರೆಯಷ್ಟು ಹರವಿನ ಖಾಸಗಿ ನರ್ಸರಿಯೊಂದರಿಂದ ನಾನು ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಹದಿನಾಲ್ಕು ಹೂವಿನ ಪೊದೆಗಿಡಗಳನ್ನು ತಂದು ಮನೆಯ ಸುತ್ತ ನೆಟ್ಟೆ. ಅವುಗಳಲ್ಲಿ ಹನ್ನೊಂದು ಉಳಿದಿವೆ, ಮೂರು ಹೋದವು. ಹೋದ ಮೂರರಲ್ಲಿ ಒಂದು ನರ್ಸರಿಯ ತಪ್ಪಿನಿಂದ, ಒಂದು ನನ್ನ ತಪ್ಪಿನಿಂದ, ಇನ್ನೊಂದು ನನ್ನ ಹಟದಿಂದ ಹೋಯಿತು. ನರ್ಸರಿಯ ಹೆಸರನ್ನಾಗಲಿ ಮಾಲೀಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ದೂರುಗಳನ್ನು ಅವರ ಎದುರಿಗೇ ಹೇಳಿಯಾಗಿದೆ. ಅಂಥ ನರ್ಸರಿಗೆ ಹೋಗುವವರು ಏನನ್ನು ನೋಡಿ ಕೊಳ್ಳಬೇಕು, ಏನನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ನಮ್ಮದು ಮೂವತ್ತು-ನಲವತ್ತರ ನಿವೇಶನ. ಮನೆ ಕಟ್ಟಿ ಉಳಿದದ್ದು ಪೂರ್ವಕ್ಕೆ ಎಂಟಡಿ ಅಗಲದ ಒಂದು ಪಟ್ಟಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಜಾಗ, ಕಾಂಪೌಂಡಿನ ಹೊರಗೆ ಚರಂಡಿಯವರೆಗಿನ ಮೂರಡಿ. ಮಣ್ಣು ಕೆಂಪು ಮಸಾರೆ, ಒಂದಡಿ ಕೆಳಗೆ ಹೋದರೆ ಗರಸು. ನೀರು ಬೋರ್‌ವೆಲ್‌ನದು, ಬಕೆಟ್ಟಿನ ಅಂಚಿನಲ್ಲಿ ವಾರದೊಳಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ನಾನು ತೀರ್ಥಹಳ್ಳಿಯ ಕಡೆಯವಳು. ನಮ್ಮ ಊರಿನಲ್ಲಿ ಇದರ ಹಲವು ಪಟ್ಟು ಮಳೆ ಬೀಳುತ್ತದೆ. ಅಲ್ಲಿ ಕಡ್ಡಿ ಮುರಿದು ಚುಚ್ಚಿದರೆ ಚಿಗುರುತ್ತಿತ್ತು. ಇಲ್ಲಿಗೆ ಬಂದ ಮೊದಲ ಕೆಲವು ವರ್ಷ ನಾನು ಕೊಂದ ಗಿಡಗಳ ಲೆಕ್ಕವನ್ನು ಇಟ್ಟಿಲ್ಲ. ಗುಲಾಬಿ, ಆಂಥೂರಿಯಂ, ಮನೆಯವರು ಬೆಂಗಳೂರಿನಿಂದ ತಂದ ಯಾವುದೋ ಹೆಸರಿಲ್ಲದ ಬಳ್ಳಿ, ಎಲ್ಲವೂ ಏಪ್ರಿಲ್ ದಾಟಲಿಲ್ಲ. ಊರ ಪಕ್ಕದ ಜೋಗಿಮಟ್ಟಿ ಕಾಡಿನ ದಾರಿಯಲ್ಲಿ ಯಾರೂ ನೀರು ಹಾಕದ ತಂಗಡಿ ಅದೇ ಏಪ್ರಿಲ್ಲಿನಲ್ಲಿ ಹಳದಿ ಹೂ ಹೊತ್ತು ನಿಂತದ್ದನ್ನು ಕಂಡ ಮೇಲೆಯೇ ಈ ನೆಲದ ಗಿಡಗಳನ್ನೇ ತರಬೇಕೆಂಬ ಬುದ್ಧಿ ಬಂದದ್ದು.

ನರ್ಸರಿಯ ಬಾಗಿಲಲ್ಲಿ ‘ಎಲ್ಲ ತರಹದ ದೇಸಿ ಹೂವಿನ ಗಿಡಗಳು ದೊರೆಯುತ್ತವೆ’ ಎಂಬ ಫಲಕವಿದೆ. ಒಳಗೆ ಎಡಗಡೆಯ ಕಟ್ಟೆಯ ಮೇಲೆ ಆ ದೇಸಿ ಗಿಡಗಳನ್ನು ಜೋಡಿಸಿದ್ದಾರೆ. ನನ್ನ ಮೊದಲ ದೂರು ಈ ಕಟ್ಟೆಯ ಮೇಲೆಯೇ. ನಾನು ಹೋದ ದಿನ ಅಲ್ಲಿ ಕನಕಾಂಬರ, ನಂದಿಬಟ್ಟಲು, ಪಾರಿಜಾತ, ಲಕ್ಕಿ ಇದ್ದವು, ಸರಿ. ಅವುಗಳ ಪಕ್ಕದಲ್ಲೇ ಕಾಗದದ ಹೂವೂ ಹಳದಿ ಗಂಟೆಯಂಥ ಹೂವಿನ ಟೆಕೋಮಾವೂ ಹಳದಿ ಕಣಗಿಲೆಯೂ ಕುಳಿತಿದ್ದವು. ಈ ಮೂರೂ ಅಮೆರಿಕ ಖಂಡಗಳಿಂದ ಬಂದವು. ತುದಿಯಲ್ಲಿ ನೇರಳೆ ಹೂವಿನ, ನೆಲಕ್ಕೆ ಹಬ್ಬುವ ಜಾತಿಯ ಲಂಟಾನವನ್ನೂ ಇಟ್ಟಿದ್ದರು. ಈ ಲಂಟಾನವೂ ನಮ್ಮದಲ್ಲ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಅದರ ಬಂಧುವೇ ಇಂದು ನಮ್ಮ ಕುರುಚಲು ಕಾಡುಗಳನ್ನು ನುಂಗಿ ಕುಳಿತಿರುವುದು. ಇದನ್ನು ಹೇಳಿದಾಗ ಮಾಲೀಕರು ನಕ್ಕು, ‘ಮೇಡಂ, ಇಲ್ಲಿ ಬದುಕೋದೆಲ್ಲ ದೇಸೀನೇ’ ಎಂದರು. ಆ ಮಾತಿನಲ್ಲಿ ವ್ಯಾಪಾರವೂ ಇದೆ, ಸ್ವಲ್ಪ ಸತ್ಯವೂ ಇದೆ. ಆದರೆ ದೇಸಿ ಗಿಡವನ್ನೇ ಕೇಳಿಕೊಂಡು ಬಂದವರಿಗೆ ಆ ಫಲಕದಿಂದ ಉಪಯೋಗವಿಲ್ಲ. ಗಿಡದ ಹೆಸರನ್ನು ಮನೆಯಿಂದಲೇ ಬರೆದುಕೊಂಡು ಹೋಗಬೇಕು.

ಹೆಸರು ಬರೆದುಕೊಂಡು ಹೋದರೂ ಏನಾಗಬಹುದು ಎಂಬುದಕ್ಕೆ ನನ್ನ ಗೋರಂಟಿಯ ಕತೆಯೇ ಸಾಕು. ನಮ್ಮ ಕಡೆ ಗೋರಂಟಿ ಎಂದರೆ ಬೇಲಿಯಲ್ಲಿ ಬೆಳೆಯುವ, ಕಾರ್ತಿಕದ ಹೊತ್ತಿಗೆ ಹೂ ಬಿಡುವ ಪೊದೆ. ಹಳದಿ ಹೂವಿನ ಮುಳ್ಳುಗೋರಂಟಿ ಒಂದು, ನೇರಳೆ ಅಥವಾ ಬಿಳಿ ಹೂವಿನ ಮುಳ್ಳಿಲ್ಲದ್ದು ಇನ್ನೊಂದು. ಎರಡೂ ಬಾರ್ಲೇರಿಯಾ ಕುಲದವು. ಪಟ್ಟಿಯಲ್ಲಿ ‘ಗೋರಂಟಿ, ಒಂದು’ ಎಂದು ಬರೆದು ಕೊಟ್ಟೆ. ಮೊಣಕಾಲೆತ್ತರದ, ಸಣ್ಣ ಎಲೆಯ ಗಿಡವೊಂದನ್ನು ಕೊಟ್ಟರು. ಹೂವಿರಲಿಲ್ಲ. ಮರಿಗಿಡವಿರಬೇಕೆಂದು ತಂದು ನೆಟ್ಟೆ. ತಿಂಗಳೆರಡು ಕಳೆದರೂ ಎಲೆ ನನಗೆ ತಿಳಿದ ಗೋರಂಟಿಯ ಎಲೆಯಾಗಲಿಲ್ಲ. ಮೊಳಕಾಲ್ಮೂರಿನವರಾದ ನಮ್ಮ ಅತ್ತೆ ಒಂದು ಸಂಜೆ ಅದರ ಮುಂದೆ ನಿಂತು ಎರಡು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ, ‘ಚೆಂದ ಗೋರಂಟಿ ಕಣವ್ವ, ಕೆಂಪಗೆ ಹತ್ತತೈತೆ’ ಎಂದರು. ಮದರಂಗಿ! ತೆಲುಗಿನ ನೆರೆಯಿರುವ ಈ ಸೀಮೆಯಲ್ಲಿ ಗೋರಂಟಿ ಎಂದರೆ ಕೈಗೆ ಹಚ್ಚುವ ಮದರಂಗಿಯೇ. ನರ್ಸರಿಯವರು ಕೇಳಿದ್ದನ್ನೇ ಕೊಟ್ಟಿದ್ದರು. ನಾನೇ ನಮ್ಮೂರಿನ ಮಾತಿನಲ್ಲಿ ಕೇಳಿದ್ದೆ. ಇದು ಅವರ ತಪ್ಪಲ್ಲ. ಆದರೆ ಗಿಡಕ್ಕೊಂದು ಚೀಟಿ ಕಟ್ಟಿ, ಅದರಲ್ಲಿ ಊರಿನ ಹೆಸರಿನ ಜೊತೆಗೆ ಶಾಸ್ತ್ರೀಯ ಹೆಸರನ್ನೂ ಕನ್ನಡದಲ್ಲಿ ಬರೆದಿದ್ದರೆ ಎರಡು ತಿಂಗಳ ಕಾಲ ಮದರಂಗಿಯಲ್ಲಿ ಹಳದಿ ಹೂವಿಗಾಗಿ ಕಾಯುವುದು ತಪ್ಪುತ್ತಿತ್ತು.

ಚಿತ್ರಮೂಲದ ವಿಷಯದಲ್ಲಿ ಮಾತ್ರ ತಪ್ಪು ಅವರದೇ. ನಾನು ಕೇಳಿದ್ದು ಬಿಳಿ ಹೂವಿನ ನಮ್ಮ ಚಿತ್ರಮೂಲವನ್ನು, ಪ್ಲಂಬಾಗೋ ಜೈಲಾನಿಕಾವನ್ನು. ಮನೆಗೆ ಬಂದ ಗಿಡ ಹದಿನೈದು ದಿನಕ್ಕೆ ತಿಳಿನೀಲಿ ಹೂ ಬಿಟ್ಟಿತು. ಅದು ದಕ್ಷಿಣ ಆಫ್ರಿಕದ್ದು. ಹೂವಿನ ಗೊಂಚಲನ್ನು ಕತ್ತರಿಸಿ ತೆಗೆದುಕೊಂಡು ಹೋಗಿ ತೋರಿಸಿದೆ. ಮಾಲೀಕರು ವಾದಿಸಲಿಲ್ಲ. ಬಿಳಿಯದನ್ನು ತರಿಸಿಕೊಡುತ್ತೇನೆಂದು ಹೇಳಿ ಎರಡು ವಾರದಲ್ಲಿ ಫೋನ್ ಮಾಡಿದರು, ನೀಲಿಯದನ್ನು ಹಿಂದಕ್ಕೆ ಕೇಳಲೂ ಇಲ್ಲ. ನಾನೇ ಕೊಟ್ಟು ಬಂದೆ. ಕೊಂಡ ಮಾಲನ್ನು ಬದಲಾಯಿಸಿ ಕೊಡುವ ಈ ಗುಣಕ್ಕೆ ನನ್ನ ಪೂರ್ತಿ ಮೆಚ್ಚುಗೆ ಇದೆ, ಏಕೆಂದರೆ ಅವರು ಬಿಲ್ಲು ಕೊಡುವುದಿಲ್ಲ, ಎಲ್ಲವೂ ಬಾಯಿಮಾತು ಮತ್ತು ಫೋನ್‌ಪೇ. ಬಿಳಿ ಚಿತ್ರಮೂಲದ ಹೂವಿನ ಪುಷ್ಪಪಾತ್ರೆಯ ಮೇಲೆ ಅಂಟು ರೋಮಗಳಿರುತ್ತವೆ. ಬೆರಳಿನಲ್ಲಿ ಹಿಡಿದರೆ ಬೆಲ್ಲದ ಪಾಕ ಮುಟ್ಟಿದಂತೆ ಅಂಟಿಕೊಳ್ಳುತ್ತದೆ, ಸಣ್ಣ ಇರುವೆಗಳು ಅಲ್ಲಿಯೇ ಸಿಕ್ಕಿಬಿದ್ದಿರುವುದನ್ನು ಕಾಣಬಹುದು. ರೆಕ್ಕೆಯ ಅಡಿಯಲ್ಲಿ ಹುಲಿಯಂಥ ಪಟ್ಟೆಗಳಿರುವ ಪುಟ್ಟ ನೀಲಿ ಚಿಟ್ಟೆಯೊಂದು ಇದರ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ನಿಜ ಹೇಳಬೇಕೆಂದರೆ ಆ ಚಿಟ್ಟೆಗೆ ಆಫ್ರಿಕದ ನೀಲಿ ಪ್ಲಂಬಾಗೋ ಆದರೂ ನಡೆಯುತ್ತದೆ. ಹಟ ನನ್ನದೇ ಹೊರತು ಅದರದಲ್ಲ. ಚಿತ್ರಮೂಲದ ಬೇರು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ, ಹೊಟ್ಟೆಗೆ ಹೋದರೆ ವಿಷ. ಮಕ್ಕಳಿರುವ ಮನೆಯವರಿಗೆ ಈ ಮಾತನ್ನು ನರ್ಸರಿಯವರೇ ಹೇಳಬೇಕಿತ್ತು, ಹೇಳಲಿಲ್ಲ.

ಇನ್ನು ತಂಗಡಿ. ಆವರಿಕೆ ಎಂದರೂ ಇದೇ, ಸೆನ್ನಾ ಆರಿಕ್ಯುಲಾಟಾ. ದೀಪಾವಳಿಗೆ ನಮ್ಮ ಅತ್ತೆ ಸಗಣಿಯ ಹಟ್ಟಿ ಲಕ್ಕವ್ವನಿಗೆ ಚೆಂಡುಹೂವಿನ ಜೊತೆ ಇದನ್ನೂ ಸಿಕ್ಕಿಸುತ್ತಾರೆ. ನೆರೆಯ ತೆಲಂಗಾಣದವರು ಇದನ್ನೇ ರಾಜ್ಯಪುಷ್ಪ ಮಾಡಿಕೊಂಡು ಬತುಕಮ್ಮ ಹಬ್ಬದಲ್ಲಿ ಗೋಪುರದಂತೆ ಜೋಡಿಸುತ್ತಾರೆ. ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು. ನಾನು ಮೂರು ಕೊಂಡೆ: ಚಿಕ್ಕ ಪಾಲಿಥಿನ್ ಚೀಲದವು ಎರಡು, ತಲಾ ಮೂವತ್ತು ರೂಪಾಯಿ, ಸೊಂಟದೆತ್ತರದ, ಆಗಲೇ ಹೂವಿದ್ದದ್ದು ಒಂದು, ನೂರ ಎಂಬತ್ತು ರೂಪಾಯಿ. ಅಲ್ಲಿ ನೀರು ಹಾಯಿಸುವ ಕೆಲಸದ ಅಜ್ಜನೊಬ್ಬ ನನ್ನ ಕೈಯಲ್ಲಿದ್ದದ್ದನ್ನು ನೋಡಿ, ‘ತಂಗಡೀನ ದುಡ್ ಕೊಟ್ಟು ತಗಂತೀರೇನಮ್ಮ, ರಸ್ತೆ ಬದೀಗೆ ಬೀಜ ಸಿಗಲ್ವೇ?’ ಎಂದ. ಮಾಲೀಕರು ಅವನ ಕಡೆ ಬೀರಿದ ನೋಟ ನನಗೆ ಇನ್ನೂ ನೆನಪಿದೆ.

ಆ ದೊಡ್ಡ ಗಿಡ ಮೊದಲ ಮಾರ್ಚಿನಲ್ಲೇ ಒಣಗಿತು. ಕಿತ್ತು ನೋಡಿದಾಗ ಕಾರಣ ಕಣ್ಣಿಗೆ ಕಂಡಿತು. ತಾಯಿಬೇರು ಚೀಲದ ತಳ ಮುಟ್ಟಿ, ದಾರಿಯಿಲ್ಲದೆ ಮಡಚಿಕೊಂಡು, ತಳದಲ್ಲಿ ಸಿಂಬಿಯಂತೆ ನಾಲ್ಕು ಸುತ್ತು ಸುತ್ತಿತ್ತು. ನೆಲಕ್ಕೆ ಬಂದು ಒಂಬತ್ತು ತಿಂಗಳಾದರೂ ಆ ಸಿಂಬಿಯಿಂದ ಒಂದು ಬೇರೂ ಗರಸಿನೊಳಗೆ ಇಳಿದಿರಲಿಲ್ಲ. ತಂಗಡಿಯ ಬಲವೆಲ್ಲ ಆಳಕ್ಕಿಳಿಯುವ ತಾಯಿಬೇರಿನಲ್ಲಿದೆ. ಅದನ್ನು ವರ್ಷಗಟ್ಟಲೆ ಚೀಲದಲ್ಲಿಟ್ಟು ಬೆಳೆಸಿ ಮಾರುವುದು ಗಿಡವನ್ನು ಮಾರುವುದಲ್ಲ, ಅದರ ಹೂವನ್ನು ಮಾರುವುದು. ಮೂವತ್ತು ರೂಪಾಯಿಯ ಎರಡು ಗಿಡಗಳು ಮೊದಲ ವರ್ಷ ಗೇಣುದ್ದ ಬೆಳೆದು ಸುಮ್ಮನೆ ಕುಳಿತಿದ್ದವು, ಎರಡನೆಯ ಮುಂಗಾರಿಗೆ ಎದ್ದು ನಿಂತವು, ಈಗ ನನ್ನೆತ್ತರ ಇವೆ. ಸತ್ತ ಗಿಡದ ಬೇರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮಾಲೀಕರ ಮೇಜಿನ ಮೇಲೆ ಇಟ್ಟೆ. ಹಣವನ್ನು ಹಿಂದಿರುಗಿಸುತ್ತೇನೆಂದರು, ಬೇಡವೆಂದೆ. ಅಂದಿನಿಂದ ಅಲ್ಲಿ ಯಾವ ಗಿಡ ಕೊಂಡರೂ ಚೀಲದ ತಳವನ್ನು ಒತ್ತಿ ನೋಡುತ್ತೇನೆ. ಬೇರು ತೂತಿನಿಂದ ಹೊರಬಂದು ಪೆನ್ಸಿಲಿನಷ್ಟು ದಪ್ಪವಾಗಿದ್ದರೆ ಹಿಂದಕ್ಕೆ ಇಡುತ್ತೇನೆ. ಅಲ್ಲಿಯ ದೊಡ್ಡ ಕುಂಡದ ಅಲಂಕಾರಿಕ ಗಿಡಗಳು ಬಹುಪಾಲು ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುತ್ತವೆಂದು ಮಾಲೀಕರೇ ಹೇಳಿದರು. ಗೋದಾವರಿ ಸೀಮೆಯಲ್ಲಿ ಬೆಳೆದ ಗಿಡವನ್ನು ದುರ್ಗದ ಗರಸಿಗೆ ಇಳಿಸುವಾಗ ಎಷ್ಟು ನೀರು ಹಾಕಬೇಕೆಂಬ ಲೆಕ್ಕವನ್ನು ಕೊಳ್ಳುವವರೇ ಹಾಕಿಕೊಳ್ಳಬೇಕು.

ಉಳಿದ ಎರಡು ತಂಗಡಿಗಳು ಮಾತ್ರ ನನ್ನ ಬೆಳಗಿನ ಅರ್ಧ ಗಂಟೆಯನ್ನು ನುಂಗುತ್ತಿವೆ. ಇದರ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ, ಅದೂ ಕೇಸರಗಳ ತುದಿಯ ಸಣ್ಣ ರಂಧ್ರದ ಒಳಗೆ. ಬಿಸಿಲು ಏರುವ ಮೊದಲು ದಪ್ಪನೆಯ ಕರಿ ದುಂಬಿ ಬಂದು ಹೂವನ್ನು ಅವಚಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನಷ್ಟೇ ನಡುಗಿಸುತ್ತದೆ; ಆ ಗುಂಯ್‌ಗುಡುವ ಸದ್ದು ಹಾರುವಾಗಿನ ಸದ್ದಿಗಿಂತ ಒಂದು ಸ್ವರ ಮೇಲಿರುತ್ತದೆ, ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಪರಾಗ ಉದುರುತ್ತದೆ. ಎಲೆದಂಟಿನಲ್ಲಿ ಪ್ರತಿಯೊಂದು ಜೊತೆ ಎಲೆಯ ನಡುವೆ ಕಡ್ಡಿಯಂತೆ ನೆಟ್ಟಗೆ ನಿಂತ ಗ್ರಂಥಿಯೊಂದಿದೆ. ಇರುವೆಗಳು ಅದಕ್ಕಾಗಿ ಮೇಲೆ ಕೆಳಗೆ ಓಡಾಡುತ್ತವೆ. ತಿಳಿ ಹಸಿರು ಛಾಯೆಯ ಬಿಳಿ ಚಿಟ್ಟೆಯ ಮರಿಹುಳುಗಳು ಮಳೆಗಾಲದಲ್ಲಿ ಎಲೆಯನ್ನೆಲ್ಲ ತಿಂದು ಕಡ್ಡಿ ಮಾಡುತ್ತವೆ. ಇದಕ್ಕೆ ಔಷಧಿ ಹೊಡೆಯಿರೆಂದು ನರ್ಸರಿಯಲ್ಲಿ ಬಾಟಲಿಯೊಂದನ್ನು ಮುಂದಿಟ್ಟರು. ಕೊಳ್ಳಲಿಲ್ಲ, ಮೂರು ವಾರದಲ್ಲಿ ಗಿಡ ಮತ್ತೆ ಚಿಗುರಿತು.

ಕನಕಾಂಬರದಲ್ಲಿ ಎರಡು ನಾಟಿ, ಎರಡು ‘ಡೆಲ್ಲಿ’ ತಂದಿದ್ದೆ. ಕನಕಾಂಬರ ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ಮೂಲದ್ದೇ. ಡೆಲ್ಲಿ ಎಂಬುದು ಅದರಲ್ಲೇ ಬಂದ, ವರ್ಣತಂತುಗಳ (ಕ್ರೋಮೋಸೋಮುಗಳ) ಮೂರು ಗಣಗಳಿರುವ, ಬೀಜ ಕಟ್ಟದ ತಳಿ. ಹೂವು ದೊಡ್ಡದು, ಬಣ್ಣ ಗಾಢ, ಕಡ್ಡಿಯಿಂದಲೇ ಮಾಡಿಕೊಳ್ಳಬೇಕು. ಒಂದು ಡೆಲ್ಲಿಯನ್ನು ಬಟ್ಟೆ ಒಗೆಯುವ ನೀರು ನಿಲ್ಲುವ ಜಾಗದಲ್ಲಿ ನೆಟ್ಟು ಬುಡ ಕೊಳೆಯಿಸಿ ಕೊಂದವಳು ನಾನೇ. ನಾಟಿಯವು ಬೇರೆ ಸ್ವಭಾವದವು. ತೆನೆ ಒಣಗಿದ ಮೇಲೆ ಮಳೆಹನಿ ತಗುಲಿದರೆ ಕಾಯಿ ಸಿಡಿದು ಬೀಜವನ್ನು ಎರಡು-ಮೂರಡಿ ದೂರ ಎಸೆಯುತ್ತದೆ. ಒಣ ತೆನೆಯೊಂದನ್ನು ನೀರಿನ ತಟ್ಟೆಯಲ್ಲಿಟ್ಟು ಮಗಳಿಗೆ ತೋರಿಸಿದಾಗ ಒಂದು ಬೀಜ ಅವಳ ಕನ್ನಡಕಕ್ಕೆ ಬಡಿಯಿತು. ಎರಡು ಗಿಡವಿದ್ದಲ್ಲಿ ಈಗ ಮರಿಗಳು ಕಲ್ಲುಚಪ್ಪಡಿಯ ಸಂದಿಯಲ್ಲೂ ಎದ್ದಿವೆ. ಇಪ್ಪತ್ತು ರೂಪಾಯಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಆ ನರ್ಸರಿಯಲ್ಲಿ ಇಲ್ಲ.

ಲಕ್ಕಿ, ಆಡುಸೋಗೆ, ಪಾರಿಜಾತಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ, ನೆಟ್ಟೆ, ಬಂದವು. ಕಾಂಪೌಂಡಿನ ಹೊರಗಿನ ಮೂರಡಿಗೆ ಆಡುಸೋಗೆಯನ್ನು ಸೂಚಿಸಿದ್ದು ಆ ಅಜ್ಜನೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಇರುವ ಅಪವಾದವೇ ಇದು. ನಮ್ಮ ಬೀದಿಯಲ್ಲಿ ಓಡಾಡುವ ಆಡುಗಳು ಇದನ್ನು ಮೂಸಿ ಮುಂದೆ ಹೋಗುತ್ತವೆ. ಬಿಳಿ ಹೂವಿನ ಕೆಳದುಟಿಯ ಮೇಲೆ ನೇರಳೆ ಗೀರುಗಳಿವೆ, ಸೂರಕ್ಕಿಗಳು ಬರುತ್ತವೆ. ಲಕ್ಕಿಯನ್ನು ಮಾತ್ರ ಪ್ರತಿ ವರ್ಷ ಕಡಿಯದಿದ್ದರೆ ಮರವಾಗಲು ಹೊರಡುತ್ತದೆ. ಕಡಿದ ಸೊಪ್ಪನ್ನು ಒಣಗಿಸಿ ಅತ್ತೆ ರಾಗಿಯ ಡಬ್ಬಿಗೆ ಹಾಕುತ್ತಾರೆ, ಹುಳ ಬೀಳದಿರಲೆಂದು.

ಹಟದಿಂದ ಹೋದದ್ದು ಕೇಪಳ. ತವರಿನ ಹೂವು. ಮಾಲೀಕರು ಇದೊಂದನ್ನು ಕೊಡುವಾಗ ಸ್ಪಷ್ಟವಾಗಿ ಎಚ್ಚರಿಸಿದ್ದರು: ‘ನಮ್ಮ ನೀರಿಗೆ ಇದು ಹಳದಿ ಆಗುತ್ತೆ ಮೇಡಂ.’ ನಾನು ಕೇಳಲಿಲ್ಲ. ಕೇಪಳಕ್ಕೆ ಹುಳಿಗುಣದ ಮಣ್ಣು ಬೇಕು. ಸುಣ್ಣದಂಶದ ನೀರು ಬಿದ್ದು ಬಿದ್ದು ಮಣ್ಣು ಕ್ಷಾರವಾದರೆ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನನ್ನ ಗಿಡದ ಎಲೆ ನಕಾಶೆಯಂತೆ ಕಾಣತೊಡಗಿದಾಗ ಕಬ್ಬಿಣದ ಪೋಷಕಾಂಶ ಸಿಂಪಡಿಸಿದೆ, ಮಳೆನೀರು ಹಿಡಿದಿಟ್ಟು ಹಾಕಿದೆ. ಮಳೆನೀರು ಮುಗಿಯಿತು, ಎರಡನೆಯ ಬೇಸಿಗೆಯಲ್ಲಿ ಗಿಡವೂ ಮುಗಿಯಿತು. ಅದೂ ದೇಸಿಯೇ, ತಂಗಡಿಯೂ ದೇಸಿಯೇ. ಆದರೆ ಒಂದರ ದೇಶ ತೀರ್ಥಹಳ್ಳಿ, ಇನ್ನೊಂದರದು ಜೋಗಿಮಟ್ಟಿ.

ಗಿಡಗಳು ಎಲ್ಲಿಂದ ಬರುತ್ತವೆ ಎಂದೂ ಕೇಳಿದೆ. ಜೋಗಿಮಟ್ಟಿ ವನ್ಯಜೀವಿ ಧಾಮ. ಅಲ್ಲಿಂದ ಒಂದು ಗಿಡವನ್ನು ಕಿತ್ತು ತಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಮಾಲೀಕರು ನನ್ನನ್ನು ಹಿಂದಿನ ಸಾಲಿಗೆ ಕರೆದೊಯ್ದು ತಾಯಿಗಿಡಗಳನ್ನೂ ಬೀಜದ ಮಡಿಗಳನ್ನೂ ತೋರಿಸಿದರು. ಚಿಕ್ಕ ಚೀಲಗಳಲ್ಲಿ ಅವರು ತುಂಬುವುದು ಇಲ್ಲಿಯದೇ ಕೆಂಪು ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರ. ತೆಂಗಿನ ನಾರಿನ ಪುಡಿ ಇಲ್ಲ. ನೆಟ್ಟ ಮೇಲೆ ಮಣ್ಣಿಗೆ ಮಣ್ಣು ಹೊಂದಿಕೊಂಡದ್ದು ಇದರಿಂದಲೇ ಎಂದು ನನ್ನ ಅನಿಸಿಕೆ. ಒಂದೂವರೆ ಅಡಿಯ ಗುಂಡಿ ತೋಡಿ, ಗರಸನ್ನು ಹೊರಹಾಕದೆ ಮೇಲ್ಮಣ್ಣಿನ ಜೊತೆ ಬೆರೆಸಿ ತುಂಬಿ, ತಂಗಡಿಗೆ ಗೊಬ್ಬರ ಹಾಕದೆ, ಉಳಿದವಕ್ಕೆ ಒಂದೊಂದು ಬೊಗಸೆ ಹಾಕಿ, ಪಾತಿಗೆ ಒಣ ಎಲೆ ಹೊದಿಸಬೇಕೆಂಬ ಅವರ ಸಲಹೆಯನ್ನು ಅಕ್ಷರಶಃ ಪಾಲಿಸಿದೆ. ಮೊದಲ ಬೇಸಿಗೆ ವಾರಕ್ಕೆ ಎರಡು ಬಿಂದಿಗೆ, ಎರಡನೆಯ ಬೇಸಿಗೆ ಕನಕಾಂಬರವೊಂದಕ್ಕೆ ಬಿಟ್ಟು ಉಳಿದವಕ್ಕೆ ಹದಿನೈದು ದಿನಕ್ಕೊಮ್ಮೆ. ಗಿಡಗಳನ್ನು ಮನೆಗೆ ಮುಟ್ಟಿಸಲು ಆಟೋದವನು ಇನ್ನೂರು ರೂಪಾಯಿ ತೆಗೆದುಕೊಂಡ. ಹದಿನಾಲ್ಕು ಗಿಡಗಳ ಬೆಲೆ ಐದುನೂರ ಎಂಬತ್ತಾಗಿರುವಾಗ ಅದು ಹೆಚ್ಚೇ.

ಹೋಗುವುದಾದರೆ ಮೃಗಶಿರಾ ಕಳೆದು ಆರಿದ್ರಾ ಹಿಡಿದ ಮೇಲೆ, ವಾರದ ದಿನ ಬೆಳಿಗ್ಗೆ ಹೋಗಬೇಕು. ಭಾನುವಾರ ಮಾಲೀಕರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ, ಅಜ್ಜನಿಗೆ ರಜೆ. ಫೆಬ್ರವರಿಯಲ್ಲಿ ಹೂ ನೋಡಿ ಆಸೆಪಟ್ಟು ಕೊಳ್ಳುವವರನ್ನು ಅಲ್ಲಿ ಯಾರೂ ತಡೆಯುವುದಿಲ್ಲ. ತಡೆಯಬೇಕಿತ್ತು.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ನನ್ನ ಗೋರಂಟಿಯ ಕತೆಯನ್ನು ಕೇಳಿದ್ದ ಅಜ್ಜ ತನ್ನ ಹೊಲದ ಬೇಲಿಯಿಂದ ಮುಳ್ಳುಗೋರಂಟಿಯ ಮೂರು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಇಟ್ಟಿದ್ದ, ದುಡ್ಡು ತೆಗೆದುಕೊಳ್ಳಲಿಲ್ಲ. ದೇಸಿ ಕಟ್ಟೆಯ ಮೇಲೆ ಟೆಕೋಮಾ ಇನ್ನೂ ಇದೆ, ಲಂಟಾನವೂ ಇದೆ. ಆದರೆ ಸಣ್ಣ ಎಲೆಯ ಗಿಡಗಳ ಒಂದು ಸಾಲಿಗೆ ರಟ್ಟಿನ ಚೀಟಿಯೊಂದನ್ನು ಕಟ್ಟಿ, ಮಾರ್ಕರ್‌ನಲ್ಲಿ ‘ಗೋರಂಟಿ – ಕೈಗೆ ಹಚ್ಚೋದು, ಹೂವಿಂದಲ್ಲ’ ಎಂದು ಬರೆದಿದ್ದರು.